ಸಾರಾಂಶಕ್ಕಿಂತ ಮೊದಲು ಕವಿತೆ

ಪರೀಕ್ಷೆ ಹತ್ತಿರ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಾಲೇಜುಗಳ ಸುತ್ತಲಿನ ಝೆರಾಕ್ಸ್ ಅಂಗಡಿಗಳಲ್ಲಿ ಇಂಗ್ಲಿಷ್ ನೋಟ್ಸಿಗೆ ಸಾಲು ನಿಲ್ಲುತ್ತದೆ. ಪಿಯುಸಿಯವರು, ಪದವಿಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು, ಎಂ.ಎ. ಓದುವವರು ಎಲ್ಲರ ಕೈಯಲ್ಲೂ ಸಾರಾಂಶದ ಹಾಳೆಗಳಿರುತ್ತವೆ. ಮೂಲ ಕವಿತೆ ಇಟ್ಟುಕೊಂಡವರು ಕಡಿಮೆ. ಹದಿನಾಲ್ಕೇ ಸಾಲಿನ ಕವಿತೆಯನ್ನು ಬಿಟ್ಟು ಅದರ ಬಗ್ಗೆ ಯಾರೋ ಬರೆದ ನಾಲ್ಕು ಪುಟಗಳನ್ನು ಬಾಯಿಪಾಠ ಮಾಡುತ್ತಾರೆ. ಇವರು ಸೋಮಾರಿಗಳಲ್ಲ. ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬಂದು, ಸಂಜೆ ಮನೆಗೆಲಸಕ್ಕೂ ಹೊಲಕ್ಕೂ ಕೈಜೋಡಿಸಿ, ಆಮೇಲೆ ಓದಲು ಕೂರುವ ಮಕ್ಕಳು. ಅಷ್ಟು ದುಡಿಮೆ ಕೆಲವು ತಪ್ಪು ತಿಳಿವಳಿಕೆಗಳಿಂದ ವ್ಯರ್ಥವಾಗುತ್ತಿದೆ ಎಂಬುದೇ ನನ್ನ ಸಂಕಟ.

ತಪ್ಪು ಕಲ್ಪನೆ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಅದರಲ್ಲೂ ನಮ್ಮ ಭಾಗದವರಿಗೆ, ಇಂಗ್ಲಿಷ್ ಕಾವ್ಯ ದಕ್ಕುವುದಿಲ್ಲ.

ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನೆಲ ಯಾವುದೆಂದು ಹೇಳುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಆ ಗ್ರಂಥವಾದರೂ ಎಂಥದ್ದು? ಕಾವ್ಯದ ಗುಣ ಯಾವುದು, ದೋಷ ಯಾವುದು, ಅಲಂಕಾರ ಹೇಗೆ ಕೆಲಸ ಮಾಡುತ್ತದೆ ಎಂದು ವಿಚಾರ ಮಾಡುವ ಗ್ರಂಥ. ಇನ್ನು 1948ರವರೆಗೆ ಈ ಸೀಮೆ ನಿಜಾಮರ ಆಡಳಿತದಲ್ಲಿತ್ತು, ಆಡಳಿತಕ್ಕೂ ಮೇಲಿನ ಓದಿಗೂ ಉರ್ದು. ಅಂಥ ಕಾಲದಲ್ಲಿ ಓದಿದ ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ದಯ್ಯ ಪುರಾಣಿಕರು (ಜನನ 1918) ಮುಂದೆ ಐಎಎಸ್ ಅಧಿಕಾರಿಯಾದರು, ‘ಕಾವ್ಯಾನಂದ’ ಎಂಬ ಹೆಸರಿನ ಕನ್ನಡ ಕವಿಯೂ ಆದರು. ಪರಭಾಷೆಯಲ್ಲಿ ಓದಿ ಅರಗಿಸಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ.

ಇವತ್ತಿನ ವಿದ್ಯಾರ್ಥಿಯ ವಿಷಯಕ್ಕೇ ಬರೋಣ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಗಾಗಿ ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿದವರು, ಉಪಮೆಯಲ್ಲಿ ಉಪಮೇಯ, ಉಪಮಾನ, ಸಮಾನಧರ್ಮ ಬೇರೆ ಮಾಡಿ ತೋರಿಸಿದವರು ಇಂಗ್ಲಿಷ್ ತರಗತಿಗೆ ಬಂದ ಕೂಡಲೇ ಅದೆಲ್ಲವನ್ನೂ ಹೊರಗಿಟ್ಟು ಬರುತ್ತಾರೆ. ಸಿಮಿಲಿಯನ್ನು ಬಿಡಿಸುವ ಕ್ರಮವೂ ಅದೇ, ಮೆಟಫರ್ ನಮಗೆ ರೂಪಕವಾಗಿ ಗೊತ್ತಿರುವುದೇ. ಛಂದಸ್ಸಿನಲ್ಲಿ ಮಾತ್ರ ವ್ಯತ್ಯಾಸವಿದೆ. ನಮ್ಮ ಷಟ್ಪದಿ ಮಾತ್ರೆ ಎಣಿಸುತ್ತದೆ, ಇಂಗ್ಲಿಷ್ ಪದ್ಯ ಉಚ್ಚಾರದಲ್ಲಿ ಒತ್ತು ಬೀಳುವ ಜಾಗಗಳನ್ನು ಎಣಿಸುತ್ತದೆ. ಗಟ್ಟಿಯಾಗಿ ಓದದೆ ಅದು ಕಿವಿಗೆ ಬೀಳುವುದಿಲ್ಲ.

ನಮ್ಮ ರಾಜ್ಯದ ದ್ವಿತೀಯ ಪಿಯುಸಿಯ ‘ಸ್ಪ್ರಿಂಗ್ಸ್’ ಪಠ್ಯವನ್ನೇ ನೋಡಿ. ಅದರಲ್ಲಿ ಲಂಕೇಶರೂ ಕುವೆಂಪು ಅವರೂ ಇದ್ದಾರೆ, ರಷ್ಯನ್ನಿನಿಂದ ಬಂದ ಟಾಲ್‌ಸ್ಟಾಯ್, ಸ್ಪ್ಯಾನಿಷ್‌ನಿಂದ ಬಂದ ನೆರೂಡ ಇದ್ದಾರೆ. ಇವರೆಲ್ಲ ಇಂಗ್ಲಿಷಿಗೆ ಅನುವಾದವಾಗಿ ಬಂದವರು. ಕುವೆಂಪು, ಲಂಕೇಶರನ್ನು ಮೊದಲು ಕನ್ನಡದಲ್ಲಿ ಓದಿಕೊಂಡು ಇಂಗ್ಲಿಷಿಗೆ ಹೋಗುವುದು ಕಳ್ಳದಾರಿಯಲ್ಲ, ಬುದ್ಧಿವಂತಿಕೆ. ಬಿ.ಎಂ.ಶ್ರೀ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದಾಗ ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದರು. ನಮ್ಮ ಶಾಲೆಗಳಲ್ಲಿ ಪ್ರಾರ್ಥನೆಯಾಗಿ ಹಾಡಿದ ‘ಕರುಣಾಳು ಬಾ ಬೆಳಕೆ’ಯ ಮೂಲ ನ್ಯೂಮನ್ 1833ರಲ್ಲಿ ಹಡಗಿನ ಪಯಣದಲ್ಲಿ ಬರೆದ ಪದ್ಯ. ಇಂಗ್ಲಿಷ್ ಕಾವ್ಯ ನಮ್ಮ ಮನೆಯೊಳಗೆ ಬಂದು ನೂರು ವರ್ಷವಾಗುತ್ತ ಬಂತು.

ತಪ್ಪು ಕಲ್ಪನೆ: ಕವಿತೆಗೆ ಅರ್ಥ ಒಂದೇ, ಅದು ಗೈಡಿನಲ್ಲಿದೆ.

ಅತಿ ಹೆಚ್ಚು ಹಾನಿ ಮಾಡಿರುವ ನಂಬಿಕೆ ಇದು. ರಾಬರ್ಟ್ ಫ್ರಾಸ್ಟ್‌ನ ‘ದಿ ರೋಡ್ ನಾಟ್ ಟೇಕನ್’ ತೆಗೆದುಕೊಳ್ಳಿ. ಕೈಯಿಂದ ಕೈಗೆ ದಾಟುವ ನೋಟ್ಸುಗಳಲ್ಲಿ ಅದರ ಸಾರಾಂಶ ಹೆಚ್ಚುಕಡಿಮೆ ಒಂದೇ: ಕವಿ ಜನ ತುಳಿಯದ ದಾರಿ ಹಿಡಿದ, ಅದರಿಂದಲೇ ಯಶಸ್ವಿಯಾದ, ನಾವೂ ಧೈರ್ಯವಾಗಿ ಹೊಸ ದಾರಿ ಹಿಡಿಯಬೇಕು.

ಈಗ ಕವಿತೆಯನ್ನು ಎದುರಿಗಿಟ್ಟುಕೊಳ್ಳಿ. ಎರಡನೆಯ ದಾರಿಯಲ್ಲಿ ಹುಲ್ಲು ಹೆಚ್ಚಿತ್ತು, ಜನ ಓಡಾಡಿದ್ದು ಕಡಿಮೆ ಎಂದು ಹೇಳಹೊರಟವನು ಮರುಕ್ಷಣವೇ ಮಾತು ತಿದ್ದಿಕೊಂಡು, ಎರಡೂ ದಾರಿ ಹೆಚ್ಚುಕಡಿಮೆ ಒಂದೇ ಸಮ ಸವೆದಿದ್ದವು ಎನ್ನುತ್ತಾನೆ. ಆ ಬೆಳಿಗ್ಗೆ ಎರಡರ ಮೇಲೂ ಯಾರೂ ತುಳಿಯದ ಎಲೆಗಳು ಬಿದ್ದಿದ್ದವು. ಹಾಗಾದರೆ ಆ ಪ್ರಸಿದ್ಧ ಕೊನೆಯ ಮಾತು? ಅದು ಭವಿಷ್ಯತ್ಕಾಲದಲ್ಲಿದೆ. ಎಷ್ಟೋ ವರ್ಷದ ಮೇಲೆ, ನಿಟ್ಟುಸಿರು ಬಿಡುತ್ತ, ನಾನು ಹೀಗೆಂದು ಹೇಳುತ್ತಿರುತ್ತೇನೆ ಎನ್ನುತ್ತಾನೆ. ತನ್ನ ಆಯ್ಕೆಗೆ ತಾನೇ ಮುಂದೊಂದು ದಿನ ಕಟ್ಟಲಿರುವ ಕಥೆಯನ್ನು ಈಗಲೇ ಕಾಣುತ್ತಿರುವ ಮನುಷ್ಯ ಅವನು. ಶೀರ್ಷಿಕೆಯೂ ಹಿಡಿದ ದಾರಿಯ ಮೇಲಿಲ್ಲ, ಬಿಟ್ಟುಹೋದ ದಾರಿಯ ಮೇಲಿದೆ. ಗೆಳೆಯ ಎಡ್ವರ್ಡ್ ಥಾಮಸ್ ಜೊತೆ ಅಡ್ಡಾಡಲು ಹೋದಾಗ ಯಾವ ದಾರಿ ಹಿಡಿದರೂ ಇನ್ನೊಂದಕ್ಕಾಗಿ ಹಳಹಳಿಸುತ್ತಿದ್ದ ಅವನ ಸ್ವಭಾವವನ್ನು ಫ್ರಾಸ್ಟ್ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಕವಿತೆ ಮೊದಲು ಅಚ್ಚಾದದ್ದು 1915ರಲ್ಲಿ.

ಹೊಸ ದಾರಿಯ ಧೈರ್ಯ ಎಂಬ ಓದು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಕೊನೆಯ ಸಾಲುಗಳ ಧ್ವನಿ ಆ ಕಡೆಗೆ ಸೆಳೆಯುತ್ತದೆ, ನಿಜ. ಆದರೆ ನಡುವಿನ ಸಾಲುಗಳಿಗೆ ಆ ಓದು ಉತ್ತರ ಕೊಡುವುದಿಲ್ಲ. ಎರಡನ್ನೂ ಎದುರುಬದುರು ಇಟ್ಟು, ‘ಇಲ್ಲಿ ಹೀಗಂತಾನೆ, ಅಲ್ಲಿ ಹಾಗಂತಾನೆ’ ಎಂದು ಸಾಲು ತೋರಿಸಿ ಬರೆದ ಉತ್ತರ ಪತ್ರಿಕೆ ತಿದ್ದುವವರ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಕಟ್ಟುಗಟ್ಟಲೆ ಒಂದೇ ಸಾರಾಂಶ ಓದಿ ದಣಿದ ಕಣ್ಣು ಅದು.

ಇನ್ನೊಂದು ಮಾತು. ಇಲ್ಲಿನ ಕಾಲೇಜುಗಳು ಮೊದಲು ಕಲಬುರಗಿಯ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು, ಆಮೇಲೆ ಬಳ್ಳಾರಿಯದು, 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಯಿತು. ಹಳೆಯ ಪಠ್ಯಕ್ರಮದ ಸಾರಾಂಶ ಹೊಸ ಪ್ರಶ್ನೆಗೆ ಹೊಂದುತ್ತದೆಂಬ ಖಾತ್ರಿ ಇಲ್ಲ. ನೋಟ್ಸ್ ಕೈಗೆ ಬಂದಾಗ ಅದು ಯಾವ ಕಾಲದ್ದೆಂದು ಮೊದಲು ನೋಡಿ.

ತಪ್ಪು ಕಲ್ಪನೆ: ಕವಿತೆಯ ‘ನಾನು’ ಎಂದರೆ ಕವಿ. ಆದ್ದರಿಂದ ಉತ್ತರ ಕವಿಯ ಜೀವನಚರಿತ್ರೆಯಿಂದ ಶುರುವಾಗಬೇಕು.

ಡ್ಯಾಫೊಡಿಲ್ಸ್ ಹೂಗಳ ಮೇಲಿನ ವರ್ಡ್ಸ್‌ವರ್ತ್ ಕವಿತೆಯ ‘ನಾನು’ ಒಬ್ಬಂಟಿಯಾಗಿ ಅಲೆಯುತ್ತಾನೆ. ವಾಸ್ತವದಲ್ಲಿ 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಾಗ ತಂಗಿ ಡೊರೊಥಿ ಜೊತೆಗಿದ್ದಳು. ಆಕೆ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಕವಿತೆಯ ಎರಡು ಸಾಲು ಕೊಟ್ಟದ್ದು ಹೆಂಡತಿ ಮೇರಿ ಎಂದು ಕವಿಯೇ ಹೇಳಿದ್ದಾರೆ. ಅಂದರೆ ಆ ಒಂಟಿತನ ಕವಿತೆ ಬೇಕೆಂದು ಮಾಡಿಕೊಂಡದ್ದು. ಇಂಥ ಜೀವನ ವಿವರ ಕವಿತೆಯನ್ನು ತೆರೆಯುತ್ತದೆ, ಬರೆಯಿರಿ. ಹುಟ್ಟಿದ ಊರು, ತಂದೆಯ ವೃತ್ತಿ, ಪ್ರಶಸ್ತಿಗಳ ಪಟ್ಟಿ ಏನನ್ನೂ ತೆರೆಯುವುದಿಲ್ಲ, ಪುಟ ಮಾತ್ರ ತುಂಬುತ್ತದೆ.

ಶೆಲ್ಲಿಯ ‘ಓಝಿಮಾಂಡಿಯಾಸ್’ (1818) ಇನ್ನೂ ಒಳ್ಳೆಯ ಪಾಠ. ಅಲ್ಲಿ ಮಾತಾಡುವವನೊಬ್ಬ. ಅವನಿಗೆ ದೂರದ ನಾಡಿನ ಪ್ರವಾಸಿಯೊಬ್ಬ ಕಥೆ ಹೇಳುತ್ತಾನೆ. ಆ ಪ್ರವಾಸಿ ಕಲ್ಲಿನಲ್ಲಿ ಕೆತ್ತಿದ ರಾಜನ ಮಾತನ್ನು ಓದುತ್ತಾನೆ. ರಾಜನ ಮುಖಭಾವವನ್ನು ಕಲ್ಲಿಗಿಳಿಸಿದ ಶಿಲ್ಪಿ ಬೇರೆ. ಇಷ್ಟು ಜನರ ಮೂಲಕ ದಾಟಿ ಬರುವಷ್ಟರಲ್ಲಿ ರಾಜನ ಬಡಾಯಿ ತಿರುಗಿ ಅವನ ಮೇಲೇ ಬೀಳುತ್ತದೆ. ಕವಿತೆಯ ಪೆಟ್ಟು ಇರುವುದು ಈ ಜೋಡಣೆಯಲ್ಲಿ. ‘ಶೆಲ್ಲಿ ಈಜಿಪ್ಟಿಗೆ ಹೋಗಿ ವಿಗ್ರಹ ನೋಡಿದ’ ಎಂದು ಬರೆದರೆ ತಪ್ಪು, ಅವನು ಈಜಿಪ್ಟ್ ನೋಡಲೇ ಇಲ್ಲ. ಗಂಗಾವತಿಯ ವಿದ್ಯಾರ್ಥಿಗೆ ಈ ಕವಿತೆ ಪರಕೀಯವೆನಿಸಲು ಕಾರಣವೇ ಇಲ್ಲ. ಆನೆಗುಂದಿ ಪಕ್ಕದಲ್ಲಿದೆ, ತುಂಗಭದ್ರೆ ದಾಟಿದರೆ ಹಂಪಿ. ಅಲ್ಲಿ ಅರಮನೆಗಳ ತಳಪಾಯ ಮಾತ್ರ ಉಳಿದಿದೆ, ವಿರೂಪಾಕ್ಷನಿಗೆ ಪೂಜೆ ಇಂದಿಗೂ ನಡೆದಿದೆ. ಶೆಲ್ಲಿಯ ಮರಳುಗಾಡಿನಲ್ಲಿ ಅಂಥದ್ದೂ ಉಳಿದಿಲ್ಲ. ಉತ್ತರದಲ್ಲಿ ಹಂಪಿಯ ಬಗ್ಗೆ ಒಂದು ವಾಕ್ಯಕ್ಕಿಂತ ಹೆಚ್ಚು ಬೇಡ, ಆದರೆ ಓದುವಾಗ ಅದು ಮನಸ್ಸಿನಲ್ಲಿರಲಿ.

ತಪ್ಪು ಕಲ್ಪನೆ: ಪುಟ ಹೆಚ್ಚಾದಷ್ಟೂ, ಅಲಂಕಾರದ ಹೆಸರು ಹೆಚ್ಚಾದಷ್ಟೂ ಅಂಕ ಹೆಚ್ಚು.

‘ಇಲ್ಲಿ ಪರ್ಸಾನಿಫಿಕೇಶನ್ ಇದೆ’ ಎಂದರೆ ಉತ್ತರ ಅರ್ಧದಲ್ಲೇ ನಿಂತಿತು. ಅದರಿಂದ ಆ ಸಾಲಿಗೆ ಏನಾಯಿತು ಎಂಬುದು ಮುಂದಿನ ವಾಕ್ಯ. ಅದನ್ನು ಚಿಕ್ಕ, ಸರಳ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದರೆ ಸಾಕು. ಗೈಡಿನ ಭಾರೀ ಪದಗಳು ನಿಮ್ಮ ವಾಕ್ಯಗಳ ನಡುವೆ ಬಂದು ಕೂತರೆ ಯಾವುದು ಯಾರದೆಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಪ್ರಬಂಧಕ್ಕೆ ಪಾಯಿಂಟ್ಸ್ ಮಾಡಿಕೊಂಡರೆ ಮುಗಿಯಿತು.

ಬೇಕನ್‌ನ ಮಟ್ಟಿಗೆ ಈ ಮಾತು ಒಂದಿಷ್ಟು ನಡೆಯುತ್ತದೆ. 1597ರಲ್ಲಿ ಹತ್ತೇ ಪ್ರಬಂಧಗಳಿಂದ ಶುರುವಾಗಿ 1625ರ ಹೊತ್ತಿಗೆ 58 ಆದ ಅವನ ಸಂಗ್ರಹದಲ್ಲಿ ವಾಕ್ಯಗಳೇ ಪಾಯಿಂಟುಗಳಂತೆ ಬಿಗಿಯಾಗಿವೆ. ಚಾರ್ಲ್ಸ್ ಲ್ಯಾಮ್‌ನ ‘ಡ್ರೀಮ್ ಚಿಲ್ಡ್ರನ್’ಗೆ (1822) ಅದೇ ಕೆಲಸ ಮಾಡಿ ನೋಡಿ, ಏನೂ ಉಳಿಯುವುದಿಲ್ಲ. ತಂದೆಯೊಬ್ಬ ಎರಡು ಮಕ್ಕಳನ್ನು ಕೂರಿಸಿಕೊಂಡು ಅವರ ಮುತ್ತಜ್ಜಿಯ ಕಥೆ, ದೊಡ್ಡ ಮನೆಯ ಕಥೆ, ತೀರಿಹೋದ ದೊಡ್ಡಪ್ಪನ ಕಥೆ ಹೇಳುತ್ತಾನೆ. ಕಡೆಗೆ ಮಕ್ಕಳು ಮಸುಕಾಗುತ್ತ ಕರಗಿಹೋಗುತ್ತಾರೆ, ಅವನು ಕುರ್ಚಿಯಲ್ಲಿ ಎಚ್ಚರಗೊಳ್ಳುತ್ತಾನೆ. ಮಕ್ಕಳು ಇರಲೇ ಇಲ್ಲ. ಲ್ಯಾಮ್ ಮದುವೆಯಾಗಲಿಲ್ಲ, ಅಣ್ಣ ಜಾನ್ ತೀರಿಕೊಂಡದ್ದು 1821ರಲ್ಲಿ. ಕೊನೆ ಗೊತ್ತಾದ ಮೇಲೆ ಮತ್ತೆ ಮೊದಲಿನಿಂದ ಓದಬೇಕು. ಮಕ್ಕಳು ನಡುನಡುವೆ ಮಾಡುವ ಚಿಕ್ಕ ಚಿಕ್ಕ ಸನ್ನೆಗಳ ಮೇಲೆ ಲ್ಯಾಮ್ ಅಷ್ಟೊಂದು ಗಮನ ಇಟ್ಟದ್ದೇಕೆ ಎಂದು ಆಗ ತಿಳಿಯುತ್ತದೆ. ಆ ಸನ್ನೆಗಳಲ್ಲಿ ಎರಡನ್ನಾದರೂ ಉತ್ತರದಲ್ಲಿ ಹೆಸರಿಸಿ.

ತಪ್ಪು ಕಲ್ಪನೆ: ಬಾಯಿಪಾಠ ಮಾಡುವುದೇ ತಪ್ಪು.

ಯಾವುದನ್ನು ಎಂಬುದರ ಮೇಲೆ ಹೋಗುತ್ತದೆ. ವಚನ, ತತ್ವಪದ, ಭಜನೆಯ ಪದಗಳನ್ನು ಹಾಳೆ ನೋಡದೆ ಹೇಳುವ ಹಿರಿಯರು ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿದ್ದಾರೆ. ಒಂದು ಪದ ವರ್ಷಗಟ್ಟಲೆ ನಾಲಿಗೆಯ ಮೇಲಿದ್ದು ಹೊಸ ಹೊಸ ಅರ್ಥ ಬಿಡುವುದು ಅವರಿಗೆ ಗೊತ್ತು. ಹಾಗೆ ಕವಿತೆಯನ್ನೇ ಬಾಯಿಗೆ ತಂದುಕೊಳ್ಳಿ, ಸಾರಾಂಶವನ್ನಲ್ಲ. ಸಾಲು ನೆನಪಿದ್ದರೆ ಪರೀಕ್ಷೆಯಲ್ಲಿ ಪ್ರಶ್ನೆ ಹೇಗೆ ತಿರುಗಿಸಿ ಕೇಳಿದರೂ ಆಧಾರ ಕೈಯಲ್ಲಿರುತ್ತದೆ. ಸಾರಾಂಶ ನೆನಪಿದ್ದರೆ ಒಂದೇ ಪ್ರಶ್ನೆಗೆ ಉತ್ತರ. ಯುಜಿಸಿ ನೆಟ್‌ಗೆ ಕೂರುವವರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಎರಡನೇ ಪತ್ರಿಕೆಯ ನೂರು ಪ್ರಶ್ನೆಗಳಿಗೆ ಇಸವಿ, ಕೃತಿ, ಕರ್ತೃಗಳ ಪಟ್ಟಿ ಬೇಕೇ ಬೇಕು. ಆದರೆ ಪದ್ಯಭಾಗ ಕೊಟ್ಟು ಕೇಳಿದಾಗ ಪಟ್ಟಿ ಸಹಾಯಕ್ಕೆ ಬರುವುದಿಲ್ಲ.

ತಪ್ಪು ಕಲ್ಪನೆ: ಮೂಲ ಪುಸ್ತಕ ನಮ್ಮ ಊರಲ್ಲಿ ಸಿಗುವುದಿಲ್ಲ, ಅದಕ್ಕೇ ನೋಟ್ಸ್.

ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಲ್ಯಾಮ್ ಪ್ರಬಂಧಗಳ ಪುಸ್ತಕ ಹುಡುಕಿ ಕೊಳ್ಳುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ಬೇಕನ್, ಲ್ಯಾಮ್, ವರ್ಡ್ಸ್‌ವರ್ತ್, ಶೆಲ್ಲಿ, ಕೀಟ್ಸ್, ಯೇಟ್ಸ್ ಎಲ್ಲರೂ ಎಂದೋ ಮುಕ್ತ. 1963ರಲ್ಲಿ ತೀರಿಕೊಂಡ ಫ್ರಾಸ್ಟ್ ಕೂಡ ಈಗ ಆ ಸಾಲಿಗೆ ಸೇರಿದ್ದಾರೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹಳೆಯ ಪಠ್ಯಗಳು ಉಚಿತವಾಗಿ ಸಿಗುತ್ತವೆ, ಲಿಬ್ರಿವಾಕ್ಸ್‌ನಲ್ಲಿ ಅವನ್ನು ಓದಿದ ಧ್ವನಿಯೂ ಇದೆ. ಒತ್ತು ಎಲ್ಲಿ ಬೀಳುತ್ತದೆಂದು ಬಸ್ಸಿನಲ್ಲಿ ಕೂತೇ ಕೇಳಬಹುದು. ಕವಿತೆಯನ್ನು ಒಂದು ಹಾಳೆಗೆ ಕೈಯಾರೆ ಬರೆದುಕೊಳ್ಳಿ, ಸಾಲುಗಳ ನಡುವೆ ಜಾಗ ಬಿಟ್ಟು. ತಿಳಿಯದ ಪದಕ್ಕೆ ನಿಘಂಟು, ತಿಳಿಯದ ಸಾಲಿಗೆ ಪಕ್ಕದಲ್ಲಿ ಕನ್ನಡದಲ್ಲೇ ಒಂದು ಪ್ರಶ್ನೆ. ಆ ಪ್ರಶ್ನೆಗಳನ್ನು ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋಗಿ, ಗೈಡನ್ನು ಅದಾದ ಮೇಲೆ ತೆರೆಯಿರಿ.