ಕೌದಿಯ ತುಂಡುಗಳನ್ನು ಓದೋಣ ಬನ್ನಿ

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಹಾಸಿಗೆಯ ಸುರುಳಿ ಬಿಚ್ಚಿದರೆ ಒಂದಾದರೂ ಕೌದಿ ಸಿಗುತ್ತದೆ. ಕೆಲವರು ಅದನ್ನು ಕವದಿ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಅದರ ಹೆಸರು ಗೋಧಡಿ, ಬಂಗಾಳದಲ್ಲಿ ಕಾಂಥಾ. ಹೆಸರು ಯಾವುದಾದರೇನು, ಹುಟ್ಟುವುದು ಮಾತ್ರ ಮನೆಯ ಹಳೆಯ ಬಟ್ಟೆಯಿಂದಲೇ.

ಮಕ್ಕಳೇ, ನಿಮ್ಮ ಮನೆಯಲ್ಲಿ ಕೌದಿ ಇದ್ದರೆ ಹಗಲು ಬೆಳಕಿನಲ್ಲಿ ಹರಡಿ ನೋಡಿ. ಕೆಂಪು ಸೆರಗಿನ ತುಂಡು ಅಜ್ಜಿಯ ಇಳಕಲ್ ಸೀರೆಯದಿರಬಹುದು. ಅದರ ಪಕ್ಕದ ಚೂರು ಗುಳೇದಗುಡ್ಡ ಖಣದ ಕುಪ್ಪಸದ್ದು. ಬಿಳಿಯದು ಅಜ್ಜನ ಧೋತರ, ನೀಲಿ ಚೌಕಳಿಯದು ಅಪ್ಪ ಚಿಕ್ಕವರಿದ್ದಾಗ ತೊಟ್ಟ ಅಂಗಿ. ಫೋಟೊ ತೆಗೆಸುವುದು ಅಪರೂಪವಾಗಿದ್ದ ಕಾಲದಲ್ಲಿ ಮನೆಮಂದಿಯನ್ನೆಲ್ಲ ಒಂದೇ ಕಡೆ ಕೂಡಿಸಿಟ್ಟದ್ದು ಈ ಕೌದಿಯೇ.

ಆದರೆ ಒಂದು ವ್ಯತ್ಯಾಸವಿದೆ. ಫೋಟೊದಲ್ಲಿ ಮುಖ ಕಾಣುತ್ತದೆ. ಕೌದಿಯಲ್ಲಿ ಯಾವ ತುಂಡು ಯಾರದು ಎಂಬುದು ಗೊತ್ತಿದ್ದವರು ಹೇಳಿದರೆ ಮಾತ್ರ ತಿಳಿಯುತ್ತದೆ. ಹೇಳುವವರು ಇಲ್ಲವಾದ ದಿನ ಅದು ಬರೀ ಹೊದಿಕೆ.

ಹಳೆಯ ಅರಿವೆಯೇ ಏಕೆ?

ಕೌದಿಗೆ ಹೊಸ ಬಟ್ಟೆ ಬೇಡ. ನೂರಾರು ಸಲ ಒಗೆದ ಹತ್ತಿಯ ಸೀರೆ ಮೆತ್ತಗಾಗಿರುತ್ತದೆ. ಮೂರ್ನಾಲ್ಕು ಪದರ ಒಂದರ ಮೇಲೊಂದು ಹಾಸಿದರೂ ಸೂಜಿ ಸಲೀಸಾಗಿ ಇಳಿಯುತ್ತದೆ. ಪದರಗಳ ನಡುವೆ ಗಾಳಿ ನಿಂತು, ನಮ್ಮ ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ಚಳಿಗಾಲದಲ್ಲಿ ಕೌದಿ ಬೆಚ್ಚಗಿರುವ ಗುಟ್ಟು ಇದು.

ಹೊಲಿಗೆಯೂ ಸರಳ. ಸೂಜಿ ಮೇಲೆ ಬರುತ್ತದೆ, ಕೆಳಗೆ ಇಳಿಯುತ್ತದೆ, ಮತ್ತೆ ಮೇಲೆ ಬರುತ್ತದೆ. ಈ ಸಾಲುಗಳು ಅಂದಕ್ಕಾಗಿ ಮಾತ್ರ ಇರುವುದಲ್ಲ, ಒಳಗಿನ ಪದರಗಳು ಸರಿದು ಮುದ್ದೆಯಾಗದಂತೆ ಹಿಡಿದಿಡುತ್ತವೆ. ಸಾಲು ಒತ್ತಾಗಿದ್ದಷ್ಟೂ ಕೌದಿ ಗಟ್ಟಿ.

ಸಿದ್ದಿಯರ ಕವಂದಿ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಹಿರಿಯರು ಆಫ್ರಿಕಾದಿಂದ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಎಂಬ ಹೆಸರಿದೆ.

ಕವಂದಿ ಹೊಲಿಯುವ ಕ್ರಮವೇ ಬೇರೆ. ಮೊದಲು ಒಂದು ಸೀರೆಯನ್ನು ಅಡಿಗೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ತುಂಡುಗಳನ್ನಿಟ್ಟು ಹೊಲಿಯುತ್ತ, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ರಂಗೋಲಿಯಂತೆ ಮೊದಲೇ ಚುಕ್ಕಿ ಇಟ್ಟುಕೊಳ್ಳುವುದಿಲ್ಲ. ಕೈಗೆ ಬಂದ ತುಂಡಿನ ಬಣ್ಣ ನೋಡಿ ಅದರ ಜಾಗ ಆಗಲೇ ಗೊತ್ತುಮಾಡುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಾಡಿದ ಮುಕ್ಕೋನದ ಹೂವು ಕೂರಿಸುತ್ತಾರೆ. ಅದಕ್ಕೆ ‘ಫುಲಾ’ ಎನ್ನುತ್ತಾರೆ. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ.

ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಹೀಗಾಗಿ ಕೆಲವು ಕವಂದಿಗಳಲ್ಲಿ ಶಿಲುಬೆ, ಕೆಲವುಗಳಲ್ಲಿ ಅರ್ಧಚಂದ್ರ ಕಾಣುತ್ತದೆ. ಮನೆಯೊಳಗೆ ಏನಿದೆಯೋ ಅದೇ ಹೊದಿಕೆಯ ಮೇಲೆ ಬರುತ್ತದೆ.

ಅಪ್ಪನ ಅಂಗಿಗಳ ಹೊದಿಕೆ

ದೂರದ ಅಮೆರಿಕದಲ್ಲೂ ಇಂಥದೇ ಒಂದು ಕತೆಯಿದೆ. ಅಲಬಾಮಾ ರಾಜ್ಯದಲ್ಲಿ ನದಿಯೊಂದು ಬಳಸಿ ಹರಿಯುವ ಜಾಗದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿ ಇದೆ. ಅಲ್ಲಿನವರ ಪೂರ್ವಜರೂ ಆಫ್ರಿಕಾದಿಂದ ಬಂದವರು, ಹತ್ತಿ ತೋಟದಲ್ಲಿ ಗುಲಾಮರಾಗಿ ದುಡಿದವರು. ಬಡತನದಲ್ಲಿ ಆ ಊರಿನ ಹೆಂಗಸರು ಹರಿದ ಕೆಲಸದ ಬಟ್ಟೆಗಳನ್ನೇ ಜೋಡಿಸಿ ಹೊದಿಕೆ ಹೊಲಿಯುತ್ತಿದ್ದರು.

ಆ ಊರಿನ ಮಿಸೌರಿ ಪೆಟ್‌ವೇ ಎಂಬಾಕೆಯ ಗಂಡ ತೀರಿಕೊಂಡರು. 1942ರಲ್ಲಿ ಆಕೆ ಗಂಡನ ಹೊಲದ ಬಟ್ಟೆಗಳನ್ನೆಲ್ಲ ಬಿಚ್ಚಿ ಹರವಿಕೊಂಡು ಒಂದು ಹೊದಿಕೆ ಹೊಲಿದರು. ಅದರಲ್ಲಿ ಜರಿಯಿಲ್ಲ, ಹೂಬಳ್ಳಿಯಿಲ್ಲ. ಮಾಸಿದ ಬಟ್ಟೆಯ ತುಂಡುಗಳು ಅಷ್ಟೇ. ಅವರನ್ನು ನೆನೆಯುತ್ತ ಅದನ್ನೇ ಹೊದ್ದು ಮಲಗಬೇಕು ಎಂಬುದು ಆಕೆಯ ಆಸೆಯಾಗಿತ್ತು.

ಇದು ನಮಗೆ ತಿಳಿದದ್ದು ಹೇಗೆ ಗೊತ್ತೇ? ಹೊಲಿಯುವಾಗ ಅಮ್ಮನ ಪಕ್ಕದಲ್ಲಿ ಕೂತು ಕೈಗೂಡಿಸಿದ ಮಗಳು ಆರ್ಲೊಂಜಿಯಾ ಎಷ್ಟೋ ವರ್ಷಗಳ ಮೇಲೆ ಅದನ್ನು ನೆನಪಿಸಿಕೊಂಡು ಹೇಳಿದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿ ಜೀಸ್ ಬೆಂಡಿನ ಹೊದಿಕೆಗಳ ಪ್ರದರ್ಶನ ನಡೆಯಿತು. 2006ರಲ್ಲಿ ಆ ಊರಿನ ಹೊದಿಕೆಗಳ ಚಿತ್ರವಿರುವ ಅಂಚೆಚೀಟಿಗಳೂ ಬಂದವು. ಮಗಳು ಬಾಯಿಬಿಡದೆ ಇದ್ದಿದ್ದರೆ, ನೋಡಲು ಬಂದವರ ಕಣ್ಣಿಗೆ ಮಿಸೌರಿಯವರ ಹೊದಿಕೆ ಮಾಸಿದ ತುಂಡುಗಳ ಜೋಡಣೆಯಷ್ಟೇ ಆಗಿರುತ್ತಿತ್ತು.

ಚಿತ್ರ ಎಲ್ಲಿಂದ ತರುವುದು?

‘ನನಗೆ ಚಿತ್ರ ಬರೆಯಲು ಬರುವುದಿಲ್ಲ, ಬಟ್ಟೆಯ ಮೇಲೆ ಏನು ಮಾಡಲಿ?’ ಎಂದು ಕೇಳುವ ಮಕ್ಕಳಿದ್ದಾರೆ. ಧಾರವಾಡದ ಕಡೆಯ ಕಸೂತಿ ನೋಡಿ. ಅದರಲ್ಲಿರುವುದು ತುಳಸಿಕಟ್ಟೆ, ಗೋಪುರ, ತೇರು, ಆನೆ, ಗಿಳಿ, ನವಿಲು. ಅಂಗಳದಲ್ಲಿ, ಗುಡಿಯಲ್ಲಿ, ಜಾತ್ರೆಯಲ್ಲಿ ಕಂಡದ್ದನ್ನೇ ಹೆಣ್ಣುಮಕ್ಕಳು ಎಳೆ ಎಣಿಸಿ ಸೀರೆಗೆ ಇಳಿಸಿದರು. ಕಸೂತಿಯ ಒಂದು ಹೊಲಿಗೆಗೆ ಅಡುಗೆಮನೆಯ ಮೆಂತ್ಯದ್ದೇ ಹೆಸರು!

ನ್ಯೂಯಾರ್ಕಿನ ಕಲಾವಿದೆ ಫೇಯ್ತ್ ರಿಂಗೋಲ್ಡ್ ಮಾಡಿದ್ದೂ ಅದನ್ನೇ. 1988ರಲ್ಲಿ ಅವರು ರಚಿಸಿದ ‘ಟಾರ್ ಬೀಚ್’ ಎಂಬ ಕತೆಯ ಹೊದಿಕೆಯಲ್ಲಿ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಊಟಕ್ಕೆ ಕೂಡಿದ ಮನೆಮಂದಿ ಇದ್ದಾರೆ. ಎಂಟು ವರ್ಷದ ಹುಡುಗಿಯೊಬ್ಬಳು ಸೇತುವೆಯ ಮೇಲೆ ಹಾರುತ್ತಿದ್ದಾಳೆ. ಮುಂದೆ ಅದು ಮಕ್ಕಳ ಪುಸ್ತಕವೂ ಆಯಿತು. ನಮ್ಮಲ್ಲೂ ಸೆಕೆಗಾಲದಲ್ಲಿ ಮಾಳಿಗೆಯ ಮೇಲೆ ಸಾಲಾಗಿ ಮಲಗಿ ಚುಕ್ಕಿ ಎಣಿಸಿದವರು ಎಷ್ಟು ಜನರಿಲ್ಲ! ಚಿತ್ರ ಬೇಕಾದರೆ ಅಂಥ ಒಂದು ರಾತ್ರಿ ಸಾಕು.

ರಜೆಗೊಂದು ಪುಟ್ಟ ಕೌದಿ

ಮಣೆಯ ಮೇಲೆ ಹಾಸಿ ಕೂರಲು ಒಂದು ಅಡಿ ಚೌಕದ ಕೌದಿ ಮಾಡೋಣ. ಇದು ಅಜ್ಜ, ಅಜ್ಜಿ, ಮೊಮ್ಮಕ್ಕಳು ಕೂಡಿಯೇ ಮಾಡಬೇಕಾದ ಕೆಲಸ. ಯಾರ ಬಟ್ಟೆಯೇ ಆಗಲಿ, ಅವರನ್ನು ಕೇಳದೆ ಕತ್ತರಿ ಹಾಕಬೇಡಿ.

1. ಮನೆಯ ಬೇರೆಬೇರೆಯವರ ಹಳೆಯ ಹತ್ತಿ ಬಟ್ಟೆಗಳಿಂದ 5 ಅಂಗುಲ ಚೌಕದ 9 ತುಂಡು ಕತ್ತರಿಸಿ. ನಾಲ್ಕೂ ಬದಿಗೆ ಅರ್ಧ ಅಂಗುಲ ಒಳಗೆ ಮಡಚಿದರೆ ಪ್ರತಿ ತುಂಡು 4 ಅಂಗುಲ ಉಳಿಯುತ್ತದೆ. ಸಾಲಿಗೆ ಮೂರರಂತೆ ಜೋಡಿಸಿದರೆ 12 ಅಂಗುಲ, ಅಂದರೆ ಒಂದು ಅಡಿ.

2. ಅಡಿಗೆ 14 ಅಂಗುಲ ಚೌಕದ ಬಟ್ಟೆ ಹಾಸಿ. ಅದರ ನಡುವೆ 12 ಅಂಗುಲ ಚೌಕದ ಹಳೆಯ ಧೋತರವನ್ನೋ ಪಂಚೆಯನ್ನೋ ಎರಡು ಪದರ ಇಡಿ. ಅಡಿಯ ಬಟ್ಟೆಯ ಅಂಚನ್ನು ಸುತ್ತಲೂ ಒಂದು ಅಂಗುಲ ಒಳಗೆ ಮಡಚಿ.

3. ಮೇಲೆ 9 ತುಂಡುಗಳನ್ನು ಜೋಡಿಸಿ ಗುಂಡುಪಿನ್ನು ಚುಚ್ಚಿ. ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತು ಹಾಕುತ್ತ ನಡುವಿಗೆ ಬನ್ನಿ. ಸಾಲುಗಳ ನಡುವೆ ಒಂದು ಬೆರಳಿನಷ್ಟು ಜಾಗವಿರಲಿ. ಪ್ರತಿ ತುಂಡಿನ ಮಡಿಕೆಯ ಮೇಲೂ ಹೊಲಿಗೆ ಬೀಳುವಂತೆ ನೋಡಿಕೊಳ್ಳಿ.

4. ಸೂಜಿಗೆ ದಾರ ಪೋಣಿಸಿಕೊಡುವುದು ಮೊಮ್ಮಕ್ಕಳ ಕೆಲಸ. ಹೊಲಿಗೆ ನೇರವಾಗಿದೆಯೇ ಎಂದು ನೋಡುವುದು ಅಜ್ಜಿಯ ಕೆಲಸ. ಅಳತೆ ಹಾಕಿ ಕತ್ತರಿಸುವುದನ್ನು ಅಜ್ಜನಿಗೆ ಬಿಡಿ. ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಕಿಲ್ಲ, ಯಾರು ಹೊಲಿದದ್ದು ಎಂಬ ಗುರುತಾಗಿ ಅದೂ ಇರಲಿ.

ಹೊಲಿಯುತ್ತ ಕೂತಾಗ ಒಂದೊಂದು ತುಂಡಿನ ಬಗ್ಗೆಯೂ ಕೇಳಿ. ಇದು ಯಾರದು? ಎಲ್ಲಿ ಕೊಂಡದ್ದು? ಮೊದಲ ಸಲ ಉಟ್ಟದ್ದು ಯಾವ ಹಬ್ಬಕ್ಕೆ? ಹರಿದದ್ದು ಹೇಗೆ? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ 1ರಿಂದ 9ರವರೆಗೆ ಅಂಕಿ ಹಾಕಿ ಬರೆದಿಡಿ. ಮನೆಯಲ್ಲಿ ಹಳೆಯ ದೊಡ್ಡ ಕೌದಿ ಇದ್ದರೆ ಅದರದೂ ಒಂದು ನಕ್ಷೆ ಬರೆದು ತುಂಡುಗಳ ಹೆಸರು ತುಂಬಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಹಳೆಯ ಸೀರೆಗಳನ್ನು ಪಾತ್ರೆ ಮಾರುವವರಿಗೆ ಕೊಡುವ ಮುನ್ನ ಒಂದು ತುಂಡು ತೆಗೆದಿಡಿ. ‘ಇದರಲ್ಲಿ ಹೇಳುವಂಥದ್ದೇನಿದೆ’ ಎನ್ನಬೇಡಿ. ನಿಮಗೆ ಅದು ಹಳೆಯ ಅರಿವೆ. ಮೊಮ್ಮಗಳಿಗೆ ಅದು ತಾನು ಎಂದೂ ನೋಡದ ಮುತ್ತಜ್ಜಿಯ ಸೆರಗು.

ಕೊನೆಗೆ ಕೌದಿಯ ಒಂದು ಮೂಲೆಯಲ್ಲಿ ಬಣ್ಣದ ದಾರದಿಂದ ಹೊಲಿದವರ ಹೆಸರಿನ ಮೊದಲ ಅಕ್ಷರಗಳನ್ನೂ ಇಸವಿಯನ್ನೂ ಹೊಲಿಯಿರಿ. ಮುಂದೆ ಯಾರಾದರೂ ಅದನ್ನು ಹರಡಿ ನೋಡಿದಾಗ ಯಾರು ಹೊಲಿದದ್ದು, ಯಾವಾಗ ಹೊಲಿದದ್ದು ಎಂದು ಊಹಿಸಬೇಕಾಗಿ ಬರುವುದಿಲ್ಲ.