ಹೆತ್ತವರಿಗೆ ಕ್ಯಾನ್ಸರ್: ಊರಿನ ನೆರವು ಕೇಳುವ ಬಗೆ

ಹೆತ್ತವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮಕ್ಕಳು ಊರಿನ ನೆರವು ಕೇಳುವುದು ಸಾಮಾನ್ಯವಾಗಿ ಕೊನೆಗೆ. ಅಷ್ಟರಲ್ಲಿ ಎತ್ತು ಮಾರಿಯಾಗಿರುತ್ತದೆ, ಬಡ್ಡಿ ಸಾಲ ಬೆಳೆದಿರುತ್ತದೆ. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ತುಂಗಭದ್ರೆಯ ದಂಡೆಯ ಸಿ. ಬೆಳಗಲ್‌ನಿಂದ ಆದೋನಿ, ಕೋಸಿಗಿ, ಕೌತಾಳಂವರೆಗಿನ ಕನ್ನಡ, ತೆಲುಗು ಬೆರೆತ ಊರುಗಳಲ್ಲಿ, ಕೂಡಿ ಕೊಡುವ ರೂಢಿ ಹೊಸದಲ್ಲ. ಜಾತ್ರೆಗೆ ಪಟ್ಟಿ ಎತ್ತುತ್ತಾರೆ, ಮದುವೆಯಲ್ಲಿ ಮುಯ್ಯಿ ಬರೆಸುತ್ತಾರೆ, ಸಾವಿನ ಮನೆಗೆ ನೆರೆಯವರೇ ಬುತ್ತಿ ಒಯ್ಯುತ್ತಾರೆ. ಕ್ಯಾನ್ಸರ್ ಬಂದ ಮನೆಗೆ ಮಾತ್ರ ಈ ರೂಢಿ ತಲುಪುವುದಿಲ್ಲ, ಏಕೆಂದರೆ ಆ ಮನೆಯವರೇ ವಿಷಯವನ್ನು ಮುಚ್ಚಿಡುತ್ತಾರೆ. ಅಂಟುರೋಗವೆಂಬ ತಪ್ಪು ತಿಳಿವಳಿಕೆ, ಮನೆಯ ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂಬ ಅಂಜಿಕೆ, ಕೈಚಾಚುವ ನಾಚಿಕೆ ಮೂರೂ ಇದಕ್ಕೆ ಕಾರಣ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾದ ಅಗತ್ಯವೂ ಇಲ್ಲ.

ಕೇಳಬೇಕಾದದ್ದು ಮೊದಲಿಗೆ ಹಣವೇ ಎಂದು ಬಹಳ ಜನ ಭಾವಿಸುತ್ತಾರೆ. ಆದರೆ ಆಂಧ್ರಪ್ರದೇಶದಲ್ಲಿ ಆಸ್ಪತ್ರೆಯ ಬಿಲ್ಲಿನ ದೊಡ್ಡ ಪಾಲನ್ನು ಹೊರುವ ಸರ್ಕಾರಿ ಯೋಜನೆ ಇದೆ. 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾದ ಅದು ಸರ್ಕಾರಗಳೊಂದಿಗೆ ಹೆಸರು ಬದಲಿಸುತ್ತಾ ಈಗ ಎನ್‌.ಟಿ.ಆರ್. ವೈದ್ಯ ಸೇವೆ ಆಗಿದೆ. ಕರ್ನೂಲು ನಗರದಲ್ಲೇ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯೂ ಇದೆ. ಯೋಜನೆ ಭರಿಸದೆ ಉಳಿಯುವುದು ದಿನಗಳ ಲೆಕ್ಕ. ಊರವರು ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆಯನ್ನು ಅನೇಕರಿಗೆ ವಾರಕ್ಕೆ 5 ದಿನದಂತೆ 5ರಿಂದ 7 ವಾರ ಕೊಡುತ್ತಾರೆ. ಕೀಮೋ ಹಲವು ಬಾರಿ 21 ದಿನಕ್ಕೊಂದು ಸುತ್ತು, ಹೀಗೆ ತಿಂಗಳುಗಟ್ಟಲೆ. ಆದೋನಿ ಸೀಮೆಯಿಂದ ಸಾವಿರಾರು ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಆ ಸುಗ್ಗಿಯಲ್ಲಿ ತಾಯಿಯ ಜೊತೆ ಆಸ್ಪತ್ರೆಯಲ್ಲಿ ಕೂತ ಮಗನಿಗೆ ವರ್ಷದ ದುಡಿಮೆಯೇ ಕೈತಪ್ಪುತ್ತದೆ. ಈ ನಷ್ಟ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಆದ್ದರಿಂದ ಕೇಳಿಕೆ ಸ್ಪಷ್ಟವಾಗಿದ್ದಷ್ಟೂ ಫಲ ಹೆಚ್ಚು. ‘ಏನಾದರೂ ಸಹಾಯ ಮಾಡಿ’ ಎಂದರೆ ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಮಂಗಳವಾರ ಅಪ್ಪನ ಜೊತೆ ಕರ್ನೂಲಿಗೆ ಹೋಗಿಬರುವವರು ಯಾರು, ಈ ವಾರ ಎಮ್ಮೆಗೆ ಮೇವು ಹಾಕುವವರು ಯಾರು, ಪರೀಕ್ಷೆ ಇರುವ ಮೊಮ್ಮಗಳಿಗೆ ಊಟ ಎಲ್ಲಿ ಎಂದು ಕೇಳಿದರೆ ಹೆಸರು ಹಿಡಿದು ಉತ್ತರ ಬರುತ್ತದೆ. ಇದನ್ನೆಲ್ಲ ರೋಗಿಯ ಮಗಳೇ ಹೊತ್ತು ತಿರುಗಬಾರದು. ಮನೆಯವರಲ್ಲದ ಒಬ್ಬರು, ಊರಿನ ಶಿಕ್ಷಕರೋ ಮಹಿಳಾ ಸಂಘದ ಮುಖಂಡೆಯೋ, ಯಾರ ಪಾಳಿ ಯಾವಾಗ ಎಂದು ಬರೆದಿಟ್ಟುಕೊಂಡರೆ ಸಾಕು. ತೆಲುಗು ಮತ್ತು ಇಂಗ್ಲಿಷಿನ ಅರ್ಜಿಗಳನ್ನು ಓದಿ ಹೇಳುವವರು ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರಿಗೆ ಹಣ ಕೊಟ್ಟವರಷ್ಟೇ ಉಪಕಾರಿಗಳು.

ಚಿಕಿತ್ಸೆಯ ನಡುವೆ ಬೇಕಾಗುವ ರಕ್ತವೂ ಹೀಗೆಯೇ. ಒಂದೇ ದಿನ ಇಪ್ಪತ್ತು ಮಂದಿ ಬಂದು ಕೊಟ್ಟರೆ ಪ್ರಯೋಜನ ಕಡಿಮೆ. ಪ್ಲೇಟ್‌ಲೆಟ್ 5 ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ರಕ್ತ ಕೊಟ್ಟ ಗಂಡಸು ಮತ್ತೆ ಕೊಡಲು 3 ತಿಂಗಳು, ಹೆಂಗಸು 4 ತಿಂಗಳು ಕಾಯಬೇಕು. ದಾನಿಗಳ ಪಟ್ಟಿ ಇಟ್ಟುಕೊಂಡು ಬೇಕಾದಾಗ ಕರೆಯುವುದೇ ಸರಿ.

ನೋಡಲು ಬರುವವರ ಗುಂಪು ನೆರವಲ್ಲ. ಕೀಮೋ ನಂತರ ಬಿಳಿ ರಕ್ತಕಣ ಇಳಿದಾಗ ಸಣ್ಣ ಸೋಂಕೂ ಜೀವಕ್ಕೆ ಕುತ್ತು. ನೆಗಡಿ, ಜ್ವರ ಇದ್ದವರು ಬರಬಾರದೆಂದು ಮನೆಯವರು ಸಂಕೋಚ ಬಿಟ್ಟು ಹೇಳಬೇಕು. ರೋಗಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ಅಂಥ ಹೊತ್ತಿಗೆ ಯಾರ ಗಾಡಿ ಎಂಬುದು ಮೊದಲೇ ಗೊತ್ತಿರಬೇಕು.

ಹಣವನ್ನೇ ಕೇಳುವಾಗ ಸಮಯ ಮುಖ್ಯ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ 1948ರಲ್ಲಿ ದೇಶವಿಭಜನೆಯ ನಿರಾಶ್ರಿತರಿಗಾಗಿ ಹುಟ್ಟಿದ್ದು. ಅದು ನಡೆಯುವುದು ಸಾರ್ವಜನಿಕರ ದೇಣಿಗೆಯಿಂದ, ಅಂದರೆ ಅದೂ ಒಂದು ಪಟ್ಟಿ ಎತ್ತಿದ ಹಣವೇ. ಕ್ಯಾನ್ಸರ್ ಚಿಕಿತ್ಸೆಗೂ ಅದರಿಂದ ಭಾಗಶಃ ನೆರವು ಸಿಗುತ್ತದೆ, ಆದರೆ ಖರ್ಚು ಮಾಡಿ ಮುಗಿಸಿದ ಬಿಲ್ಲಿಗೆ ಸಿಗುವುದಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಕಚೇರಿಯ ಮೂಲಕ ಅರ್ಜಿ ಹೋಗುತ್ತದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3ನೇ ಎ.ಸಿ. ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರೊಬ್ಬರಿಗೆ ಶೇ. 75. ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಅಷ್ಟೇ. ಇದು ತಿಳಿಯದೆ ಪೂರ್ತಿ ದರ ಕೊಡುವವರು ಕಡಿಮೆಯೇನಿಲ್ಲ.

ಗಡಿಯ ಕನ್ನಡಿಗರಿಗೆ ಭಾಷೆಯ ಸಲುಗೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಹತ್ತಿರ ಎನಿಸುತ್ತದೆ. 1973ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯಲ್ಲಿ ರೋಗಿಗಳ ಕಡೆಯವರು ತಂಗಲು ಇನ್ಫೋಸಿಸ್ ಫೌಂಡೇಷನ್ ಕಟ್ಟಿಸಿಕೊಟ್ಟ ಧರ್ಮಶಾಲೆಯೂ ಇದೆ. ಆದರೆ ಕರ್ನಾಟಕದ ಉಚಿತ ಚಿಕಿತ್ಸೆಯ ಯೋಜನೆ ಕರ್ನಾಟಕದ ನಿವಾಸಿಗಳಿಗೆ. ಆಂಧ್ರದ ಪಡಿತರ ಚೀಟಿ ಹಿಡಿದು ಹೊರಡುವ ಮೊದಲು ಕರ್ನೂಲಿನ ಆಸ್ಪತ್ರೆಯ ಯೋಜನಾ ಸಹಾಯ ಕೇಂದ್ರದಲ್ಲೋ 104ಕ್ಕೆ ಕರೆ ಮಾಡಿಯೋ ವಿಚಾರಿಸುವುದು ಲೇಸು.

ಮೊಬೈಲಿನಲ್ಲಿ ಹಣ ಕೂಡಿಸುವ ಮಿಲಾಪ್, ಕೆಟ್ಟೋದಂಥ ವೇದಿಕೆಗಳು 2010ರಿಂದ ಈಚೆಗೆ ಬಂದವು. ಹೊರದೇಶದ ನಂಟರಿಗೆ ಅವು ಅನುಕೂಲ. ಹಳ್ಳಿಯಲ್ಲಿ ನಂಬಿಕೆ ಹುಟ್ಟಿಸುವುದು ಲೆಕ್ಕ: ಬಂದದ್ದೆಷ್ಟು, ಆಸ್ಪತ್ರೆಗೆ ಹೋದದ್ದೆಷ್ಟು ಎಂದು ತಿಂಗಳಿಗೊಮ್ಮೆ ತೋರಿಸುವುದು. ಸಾಧ್ಯವಾದಲ್ಲಿ ಹಣ ನೇರವಾಗಿ ಆಸ್ಪತ್ರೆಯ ಖಾತೆಗೇ ಹೋಗಲಿ.

ಇಷ್ಟರ ನಡುವೆ ರೋಗಿಯ ಒಪ್ಪಿಗೆ ಕೇಳುವುದು ಮರೆತೇ ಹೋಗುತ್ತದೆ. ಅಪ್ಪನಿಗೆ ‘ಗಡ್ಡೆ’ ಎಂದಷ್ಟೇ ಹೇಳಿ ಊರಿಗೆಲ್ಲ ಕ್ಯಾನ್ಸರ್ ಎಂದು ಸಾರುವುದು ಅನ್ಯಾಯ. ಹಾಸಿಗೆ ಹಿಡಿದ ತಾಯಿಯ ಫೋಟೊವನ್ನು ಅವಳಿಗೆ ತಿಳಿಯದಂತೆ ಹತ್ತು ವಾಟ್ಸ್‌ಆಪ್ ಗುಂಪಿಗೆ ಹಾಕುವುದು ಇನ್ನೂ ದೊಡ್ಡ ಅನ್ಯಾಯ. ಏನನ್ನು, ಯಾರಿಗೆ, ಎಷ್ಟು ಹೇಳಬೇಕೆಂದು ತೀರ್ಮಾನಿಸುವ ಹಕ್ಕು ರೋಗಿಯದು. ಅವರು ಒಪ್ಪಿದರೆ ಬಯಾಪ್ಸಿ ವರದಿ ಕೈಗೆ ಬಂದ ವಾರವೇ ನಾಲ್ಕು ಮನೆಗಳಿಗೆ ಹೋಗಿ ಕೇಳಿ. ಎತ್ತು ಮಾರುವ ತನಕ ಕಾಯಬೇಡಿ.