ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರವೂ ಉಳಿಯುವ ನೋವು

ತೊಡೆಸಂದಿನ ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎಂಟು ತಿಂಗಳಾಗಿದ್ದ ಭಕ್ತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಗಾಯ ಚೆನ್ನಾಗಿ ಮಾಯ್ದಿತ್ತು. ಆದರೆ ಧೋತರ ತಗುಲಿದರೂ ಕೆಂಡ ಮುಟ್ಟಿದಂತಾಗುತ್ತದೆ ಎಂದರು. ಮನೆಯವರು ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕಿದ್ದರು. ಅವರು ಇಟ್ಟಿಗೆ ಕಾಯಿಸಿ ಶಾಖ ಕೊಟ್ಟುಕೊಂಡಿದ್ದರು. ಗಾಯದ ಗುರುತಿನ ಕೆಳಗೆ ಬೊಬ್ಬೆ ಎದ್ದಿದ್ದರೂ ಅವರಿಗೆ ತಿಳಿದಿರಲಿಲ್ಲ.

ಇದು ಭ್ರಮೆಯಲ್ಲ. ತೊಡೆಸಂದಿನಲ್ಲಿ ಮೂರು ಸೂಕ್ಷ್ಮ ನರಗಳು ಹಾದುಹೋಗುತ್ತವೆ. ಶಸ್ತ್ರಕ್ರಿಯೆಯಲ್ಲಿ ಅವುಗಳಿಗೆ ಪೆಟ್ಟಾದರೆ, ಅಥವಾ ಹೊಲಿಗೆಯಲ್ಲಿಯೋ ಜಾಲರಿಯ ಸುತ್ತ ಬೆಳೆದ ಗಟ್ಟಿ ಅಂಗಾಂಶದಲ್ಲಿಯೋ ಸಿಕ್ಕಿಕೊಂಡರೆ, ಒಂದೆಡೆ ಚರ್ಮ ಜೋಮು ಹಿಡಿದು ಪಕ್ಕದಲ್ಲೇ ಉರಿ, ವಿದ್ಯುತ್ ಹೊಡೆದಂತಹ ಸೆಳೆತ ಕಾಣಿಸುತ್ತವೆ. 3 ತಿಂಗಳು ಮೀರಿದ ನೋವನ್ನು ದೀರ್ಘಕಾಲಿಕವೆಂದು ಪರಿಗಣಿಸುತ್ತಾರೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಗಮನಾರ್ಹವಾಗಿಯೇ ಉಳಿಯುತ್ತದೆ.

ಮೊದಲು ಶಸ್ತ್ರವೈದ್ಯರಿಗೇ ತೋರಿಸಬೇಕು. ಹರ್ನಿಯಾ ಮರುಕಳಿಸಿಲ್ಲ, ಸೋಂಕಿಲ್ಲ ಎಂಬುದು ಖಚಿತವಾಗದೆ ನಾವು ಎಣ್ಣೆಯ ಸೀಸೆ ಮುಟ್ಟುವುದಿಲ್ಲ. ಅವರು ಕೊಟ್ಟ ನರದ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು.

ಅಂತ್ರವೃದ್ಧಿಗೆ ಸುಶ್ರುತಾಚಾರ್ಯರು ಹೇಳಿದ ಕಾರಣಗಳಲ್ಲಿ ಭಾರ ಹೊರುವುದೂ ಒಂದು. ದಾಸೋಹದ ಹಂಡೆಗಳನ್ನು ಒಬ್ಬರೇ ಎತ್ತುವ ಉತ್ಸಾಹವನ್ನು ಬದಿಗಿಟ್ಟು ಬೇರೆ ಸೇವೆ ಕೇಳಿ ಪಡೆಯಿರಿ. ನೆಲದ ಮೇಲೆ ಕುಳಿತಾಗ ನೋವು ಹೆಚ್ಚಾದರೆ ಕುರ್ಚಿಯ ಮೇಲೆ ಕುಳಿತೇ ಲಿಂಗಪೂಜೆ ಮಾಡಬಹುದು. ಕೆಮ್ಮು ಬಂದಾಗ ಅಂಗೈಯಿಂದ ಆ ಜಾಗಕ್ಕೆ ಆಸರೆ ಕೊಡಿ. ಮಲಬದ್ಧತೆಯಾದರೆ ತಿಣುಕಬೇಕಾಗುತ್ತದೆ, ನೋವು ಕೆರಳುತ್ತದೆ. ಆದ್ದರಿಂದ ಬಿಸಿನೀರು, ಸೊಪ್ಪು, ನೆನೆಸಿದ ಒಣದ್ರಾಕ್ಷಿ ಇರಲಿ. ಔಡಲೆಣ್ಣೆಯನ್ನು ನಿತ್ಯವೂ ಕುಡಿಯುವ ರೂಢಿ ಬೇಡ. ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಸೊಂಟಕ್ಕೂ ತೊಡೆಗೂ ಮೃದುವಾಗಿ ಹಚ್ಚಬಹುದು. ಗಾಯದ ಗುರುತನ್ನು ಒತ್ತಿ ತಿಕ್ಕಬಾರದು. ಜೋಮು ಹಿಡಿದ ಚರ್ಮಕ್ಕೆ ಶಾಖ ಸರ್ವಥಾ ಕೂಡದು. ಸಮತಟ್ಟಾದ ದಾರಿಯಲ್ಲಿ ನಿಧಾನದ ನಡಿಗೆ ಒಳ್ಳೆಯದು. ನೋವಿಗೆ ಹೆದರಿ ಹಾಸಿಗೆ ಹಿಡಿದವರಲ್ಲಿ ಅದು ಮತ್ತಷ್ಟು ಬಲಿತಿರುವುದನ್ನು ನಾವು ಕಂಡಿದ್ದೇವೆ.

ಹೊಲಿಗೆಯಲ್ಲಿ ಸಿಕ್ಕಿಕೊಂಡ ನರವನ್ನು ಯಾವ ತೈಲವೂ ಬಿಡಿಸಲಾರದು. ಇದನ್ನು ಹೇಳಲು ನಮಗೆ ಸಂಕೋಚವಿಲ್ಲ. ಅಂಥವರಿಗೆ ನರದ ಬಳಿ ಅರಿವಳಿಕೆಯ ಚುಚ್ಚುಮದ್ದು ಕೊಡುತ್ತಾರೆ. ಅದಕ್ಕೂ ಮಣಿಯದಿದ್ದರೆ, ಅಪರೂಪಕ್ಕೆ, ಮತ್ತೊಂದು ಶಸ್ತ್ರಕ್ರಿಯೆ ಬೇಕಾಗುತ್ತದೆ. ಒತ್ತಿದರೂ ಒಳಹೋಗದ ಗಡ್ಡೆ, ವಾಂತಿ, ಜ್ವರ, ಕೀವು ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಆ ಭಕ್ತರನ್ನು ನಾವು ಚುಚ್ಚುಮದ್ದಿಗೆ ಕಳುಹಿಸಿದೆವು. ನೋವು ಪೂರ್ತಿ ಹೋಗಿಲ್ಲ, ಆದರೆ ಈಗ ರಾತ್ರಿ ನಿದ್ದೆ ಬರುತ್ತಿದೆ.